ಆಚೆಮನೆ ಅತ್ತೆಯ ಮೋಟಾರು ದೋಣಿ

ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಇವತ್ತು ಬೆಳಿಗ್ಗೆ ಶಿರಸಿಯ ಪಂಪ್ ರಿಪೇರಿ ಅಂಗಡಿಯವನು ನಮ್ಮ ದೋಣಿಯ ಇಂಜಿನ್ ಬಿಚ್ಚಿ, ಒಳಗಿನಿಂದ ಪುಟ್ಟ ರಬ್ಬರ್ ಚಕ್ರವೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ. ಹೊಳೆಯ ನೀರೆಳೆದು ಇಂಜಿನ್ನನ್ನು ತಂಪಾಗಿಡುವುದು ಅದರ ಕೆಲಸ. ರೆಕ್ಕೆಗಳೆಲ್ಲ ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಹೊಸದು ಬರುವುದು ಮಧ್ಯಾಹ್ನವಾಗುತ್ತದೆ, ಕೂತ್ಕೊಳ್ಳಿ ಅಂದ. ನಾನು ಕೂರಲಿಲ್ಲ. ರಸ್ತೆಯ ಆ ತುದಿಗೆ ಹೋದೆ, ಈ ತುದಿಗೆ ಬಂದೆ, ಬೇಡದಿದ್ದರೂ ಎರಡು ಸಲ ಚಾ ಕುಡಿದೆ. ಕೈಗೆ ಹತ್ತಿದ ಆ ವಾಸನೆ ಸೋಪು ಹಾಕಿ ತೊಳೆದರೂ ಹೋಗಲಿಲ್ಲ.

ಹೀಗೆ ನಿಂತಲ್ಲಿ ನಿಲ್ಲದ ಚಟ ನನಗೆ ಅಂಟಿದ್ದೇ ಆಚೆಮನೆ ಅತ್ತೆಯಿಂದ. ನನ್ನ ಗಂಡನ ಅಮ್ಮನಲ್ಲ. ಪಕ್ಕದ ಮನೆಯ ಹಿರಿಯರು, ಊರಿಗೆಲ್ಲ ಅತ್ತೆ. ನಾನು ಯಲ್ಲಾಪುರ ಕಡೆಯ ಆ ಹಿನ್ನೀರಿನ ಊರಿಗೆ ಸೊಸೆಯಾಗಿ ಹೋದಾಗ ಮೊದಲು ಕಂಡಿದ್ದು ಅವರ ಬೆನ್ನು. ಯಾರ ಮನೆಗೆ ಬಂದರೂ ಒಂದು ಕಾಲು ಹೊಸ್ತಿಲ ಹೊರಗೇ ಇರುತ್ತಿತ್ತು. ಚಾ ಕೊಟ್ಟರೆ ಅರ್ಧ ಕುಡಿದು, ಉಳಿದರ್ಧ ಮರೆತು, ಲೋಟ ಹಿಡಿದುಕೊಂಡೇ ಮನೆಗೆ ಹೋಗಿಬಿಡುತ್ತಿದ್ದರು. ನಮ್ಮ ಎಷ್ಟೋ ಲೋಟಗಳು ಅವರ ಮನೆಯಲ್ಲಿದ್ದವು.

ಅವರ ಒಬ್ಬಳೇ ತಂಗಿಯನ್ನು ಆಚೆ ದಡದ ಊರಿಗೆ ಕೊಟ್ಟಿದ್ದರು. ಅಣೆಕಟ್ಟಿಗೆ ಮೊದಲು ಅಲ್ಲಿದ್ದದ್ದು ಬರೀ ಹೊಳೆಯಂತೆ. ಸಂಜೆ ಕೆಲಸ ಮುಗಿಸಿ ಅಕ್ಕ ಈ ದಡದಲ್ಲಿ ನಿಂತು 'ಕೂ...' ಎಂದು ಕೂಗುವುದು, ತಂಗಿ ಆ ದಡದಿಂದ 'ಕೂ...' ಎನ್ನುವುದು. ಇಬ್ಬರೂ ಚೆನ್ನಾಗಿದ್ದಾರೆ ಎಂದರ್ಥ, ಅಷ್ಟೇ. ಆಮೇಲೆ ನೀರು ಬಂತು. ಮನೆಗಳು ಎರಡೂ ಕಡೆ ಗುಡ್ಡ ಹತ್ತಿದವು. ಕೂಗಿದರೆ ಕೇಳದಷ್ಟು ಅಗಲವಾಯಿತು ನೀರು. ಲಾಂಚ್ ಒಂದಿತ್ತು, ಮನಸ್ಸು ಬಂದ ದಿನ ಬರುತ್ತಿತ್ತು. ಇಲ್ಲದಿದ್ದರೆ ಯಲ್ಲಾಪುರಕ್ಕೆ ಹೋಗಿ ಬಸ್ಸು ಬದಲಿಸಿ ಸುತ್ತಿ ಬರಬೇಕು, ಹೋಗುವುದಕ್ಕೇ ದಿನ ಮುಗಿಯುತ್ತಿತ್ತು. ವರ್ಷಗಟ್ಟಲೆ ಅಕ್ಕತಂಗಿಯರು ಫೋನಿನಲ್ಲೇ ಕಾಲ ಹಾಕಿದರು.

ಒಂದು ದಿನ ಫೋನಿನಲ್ಲಿ ತಂಗಿ, "ಯಾರು ನೀನು?" ಎಂದು ಕೇಳಿದರಂತೆ. ಮೊದಲು ಅತ್ತೆ ಅದನ್ನು ತಮಾಷೆ ಎಂದುಕೊಂಡರು. ಆಮೇಲೆ ಅದು ದಿನವೂ ಆಯಿತು. ಮಗನನ್ನು ಗಂಡ ಎಂದರಂತೆ, ಸೊಸೆಯನ್ನು ಟೀಚರ್ ಎಂದರಂತೆ, ಕೊನೆಗೆ ಮಾತೇ ಬಿಟ್ಟರಂತೆ. ಶಿರಸಿಯ ಡಾಕ್ಟರು ಇದಕ್ಕೆ ಔಷಧಿ ಇಲ್ಲ ಎಂದು ಹೇಳಿ ಕಳಿಸಿದ್ದರು.

ಅತ್ತೆ ಒಪ್ಪಲಿಲ್ಲ. ನಾನು ಹೊಲಿಗೆ ಯಂತ್ರದ ಮುಂದೆ ಕೂತಿದ್ದೆ. ಬಂದವರೇ, "ಕೂಸೆ, ಆನು ದೋಣಿ ತಗಳ್ತೆ. ಮೋಟಾರಿಂದು. ದಿನಾ ಹೋಗಿ ಎದುರಿಗೆ ಕೂತ್ರೆ ಅದು ಯನ್ನ ಮರೀತಿಲ್ಲೆ" ಎಂದರು.

"ನಡೆಸೋದು ಯಾರು ಅತ್ತೆ?"

"ನಿಂಗೆ ಸ್ಕೂಟಿ ಹೊಡೆಯಲೆ ಬತ್ತು. ದೋಣಿ ಎಂತ ಮಹಾ? ನೀರಿನ ಮೇಲೆ ಎದುರಿಗೆ ಬಸ್ಸೂ ಬತ್ತಿಲ್ಲೆ."

ನಗು ಬಂತು. ನಿಜ ಹೇಳಬೇಕೆಂದರೆ ಒಳಗೊಳಗೇ ಕುಣಿಯುವಷ್ಟು ಖುಷಿಯೂ ಆಯಿತು. ಆ ಊರಿನಲ್ಲಿ ಬ್ಲೌಸು ಹೊಲಿದು ಹೊಲಿದು ನನಗೂ ಸಾಕಾಗಿತ್ತು.

ಪಿಕಪ್ ಗಾಡಿ ಬಾಡಿಗೆಗೆ ಮಾಡಿಕೊಂಡು ಕುಮಟಾ ಕಡೆಗೆ ಇಳಿದೆವು. ಒಬ್ಬ ಮೀನುಗಾರ ಹಳೇ ಫೈಬರ್ ದೋಣಿಯನ್ನು ಇಂಜಿನ್ ಸಮೇತ ಮಾರುವವನಿದ್ದ. ದೋಣಿ ಕೊಳ್ಳುವಾಗ ಏನು ನೋಡಬೇಕೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅತ್ತೆ ಮಡಕೆ ಕೊಳ್ಳುವವರ ಹಾಗೆ ತಳವನ್ನೆಲ್ಲ ಬೆರಳಿನಿಂದ ತಟ್ಟಿ ತಟ್ಟಿ ಸದ್ದು ಕೇಳಿದರು. ಅವನು ನಗದೆ ಪಕ್ಕದಲ್ಲಿ ನಿಂತಿದ್ದ. ಆಮೇಲೆ ನೀರಿಗಿಳಿಸಿ, ಹಗ್ಗ ಎಳೆದು ಇಂಜಿನ್ ಶುರು ಮಾಡಿ ನಮ್ಮನ್ನು ಒಂದು ಸುತ್ತು ಹಾಕಿಸಿದ. ಇಂಜಿನ್ನಿನ ಬದಿಯಿಂದ ಸಣ್ಣಗೆ ಚಿಮ್ಮುತ್ತಿದ್ದ ನೀರನ್ನು ತೋರಿಸಿದ. "ಅಮಾ, ಇದು ಚಿಮ್ತಾ ಇದ್ರೆ ಜೀವ ಇದೆ ಅಂತ. ನೀರಿಗಿಳಿಸದೆ ಯಾವತ್ತೂ ಚಾಲೂ ಮಾಡ್ಬೇಡಿ" ಎಂದ. ಅತ್ತೆ ತಲೆಯಾಡಿಸಿದರು. ಕಣ್ಣು ಮಾತ್ರ ಆಗಲೇ ಪಿಕಪ್ಪಿನ ಕಡೆಗಿತ್ತು.

ದೋಣಿ ಘಟ್ಟ ಹತ್ತಿದ್ದನ್ನು ನೆನೆಸಿಕೊಂಡರೆ ಈಗಲೂ... ಡ್ರೈವರನ ತಲೆಯ ಮೇಲೆ ದೋಣಿಯ ಮೂತಿ ಚಾಚಿಕೊಂಡಿತ್ತು. ಶಿರಸಿ ಪೇಟೆಯಲ್ಲಿ ಜನ ನಿಂತು ನೋಡಿದರು. ಒಬ್ಬರು ಸಮುದ್ರ ಈಗ ಎಲ್ಲಿವರೆಗೆ ಬಂತು ಎಂದು ಕೇಳಿದರು. ಅತ್ತೆ ಕಿಟಕಿಯಿಂದ ತಲೆ ಹಾಕಿ, "ನಮ್ಮನೆ ಅಂಗಳದವರೆಗೆ ಬಂಜು" ಎಂದರು.

ಹೊಸ ಗಾಡಿ ಬಂದರೆ ಪೂಜೆ ಆಗಲೇಬೇಕಲ್ಲ. ಅಂಗಳದಲ್ಲಿ ಎರಡು ಬಾಳೆದಿಂಡಿನ ಮೇಲೆ ದೋಣಿ ಕೂರಿಸಿ, ಹೂ ಹಾಕಿ, ಕುಂಕುಮ ಇಟ್ಟದ್ದಾಯಿತು. ನಿಂಬೆಹಣ್ಣು ಎಲ್ಲಿಡುವುದು ಎಂದು ಭಟ್ಟರಿಗೆ ಗೊಂದಲ. ಚಕ್ರವಿಲ್ಲದ ಗಾಡಿಯ ಪೂಜೆ ಅವರೂ ಮಾಡಿರಲಿಲ್ಲ. ಕೊನೆಗೆ ಬಾಳೆದಿಂಡಿನ ಕೆಳಗೇ ಇಟ್ಟರು. ಮಂಗಳಾರತಿಯ ಹೊತ್ತಿಗೆ ಅತ್ತೆ ನನಗೆ ಹಗ್ಗ ಎಳೆಯಲು ಹೇಳಿದರು. ಮೀನುಗಾರ ಹೇಳಿದ್ದನ್ನು ನಾನು ನೆನಪಿಸಿದೆ.

"ಒಂದ್ ನಿಮಿಷಕ್ಕೆ ಎಂತಾಗ್ತು? ಆಚೆ ದಡಕ್ಕೆ ಸದ್ದು ಕೇಳವು" ಎಂದರು. ತಂಗಿಗೆ ಕೇಳಲೇಬೇಕಂತೆ. ನನ್ನನ್ನು ಬದಿಗೆ ಸರಿಸಿ ತಾವೇ ಎಳೆದುಬಿಟ್ಟರು.

ಶಂಖ, ಜಾಗಟೆ, ಇಂಜಿನ್ನು ಎಲ್ಲ ಒಟ್ಟಿಗೆ ಕೂಗಿದವು. ಕಟ್ಟಿದ ನಾಯಿ ಹಗ್ಗ ಹರಿದುಕೊಂಡು ಓಡಿತು. ಒಂದು ನಿಮಿಷ ಎಂದದ್ದು ಪ್ರಸಾದ ಹಂಚುವವರೆಗೂ ನಡೆಯಿತು. ಸುಟ್ಟ ವಾಸನೆ ಬಂದಾಗ ಎಲ್ಲರೂ ಕರ್ಪೂರದ ಆರತಿಯನ್ನೇ ನೋಡಿದರು.

ಮರುದಿನ ಬೆಳಿಗ್ಗೆ ಹೊರಟೆವು. ಮುಳುಗಿದ ಮರಗಳ ಬೊಡ್ಡೆ ನೀರಿನಡಿ ಎಲ್ಲೆಲ್ಲೋ ನಿಂತಿರುತ್ತವೆ, ತಾಗಿದರೆ ದೋಣಿಯ ಕತೆ ಮುಗಿಯಿತು. ಅತ್ತೆ ಮುಂದೆ ಕೂತು ಕೈಸನ್ನೆಯಲ್ಲಿ ದಾರಿ ಹೇಳುತ್ತಿದ್ದರು. ಹಳೇ ಗಾಡಿದಾರಿ ಕೆಳಗೆ ಎಲ್ಲಿ ಹೋಗಿದೆಯೋ ಅಲ್ಲೇ ಮೇಲೆ ನಾವು ಹೋದೆವು. ದಾರಿಯಲ್ಲಿ ಮರ ಎಲ್ಲಿರುತ್ತದೆ? ಹೀಗೆ ನಡುನೀರಿಗೆ ಬಂದಿರಬೇಕು, ಇಂಜಿನ್ ಕೆಮ್ಮತೊಡಗಿತು. ಬದಿಯಲ್ಲಿ ನೀರು ಚಿಮ್ಮುತ್ತಿರಲಿಲ್ಲ. ಮತ್ತದೇ ಸುಟ್ಟ ವಾಸನೆ. ನಿಂತೇಹೋಯಿತು.

ನನಗೆ ಸಿಟ್ಟು ನೆತ್ತಿಗೇರಿತು. ಅತ್ತೆ ಎಂದೂ ನೋಡದೆ ಬಾಯಿಗೆ ಬಂದದ್ದು ಅಂದೆ. ಅವರು ಕೇಳಿಸಿಕೊಳ್ಳಲೇ ಇಲ್ಲ. ಜೀವಮಾನದಲ್ಲಿ ಮೊದಲ ಸಲ ಅವರು ಅಲುಗದೆ ಕೂತದ್ದನ್ನು ನೋಡಿದೆ. ಸುತ್ತ ಎಲ್ಲೂ ಒಂದು ಸದ್ದಿರಲಿಲ್ಲ. ಆಮೇಲೆ ಎದ್ದು, ದೋಣಿ ಹೊಯ್ದಾಡುವುದನ್ನೂ ಲೆಕ್ಕಿಸದೆ, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಿದರು. ಕೂ...

ನಾನು ದೋಣಿಯ ಅಂಚು ಹಿಡಿದುಕೊಂಡೆ. ಆಮೇಲೆ ಆಚೆ ದಡದಿಂದ, ತೆಳ್ಳಗೆ, ಆದರೆ ಸ್ಪಷ್ಟವಾಗಿ... ಕೂ...

"ಕೇಳ್ತಾ ಕೂಸೆ? ಅದೇಯ" ಎಂದು ಅತ್ತೆ ಕೂತುಬಿಟ್ಟರು. ಅಳುತ್ತಿದ್ದರು. ಹುಟ್ಟು ಹಾಕಿಕೊಂಡು ದಡ ಸೇರಿದಾಗ ತಂಗಿ ಅಂಗಳದ ತುದಿಗೆ ಬಂದು ನಿಂತಿದ್ದರು. ಅಕ್ಕನ ಮುಖ ನೋಡಿದರು, ಗುರುತು ಹತ್ತಲಿಲ್ಲ. ಕೈ ಮಾತ್ರ ಹಿಡಿದುಕೊಂಡರು.

ಇಂಜಿನ್ನಿನ ಒಳಗೆ ಸುಟ್ಟಿದ್ದ ರಬ್ಬರ್ ಚಕ್ರ ಬದಲಾಯಿಸಿದೆವು. ಆಮೇಲೆ ದಿನವೂ ಹೋದೆವು, ದಿನವೂ ನಡುನೀರಿನಲ್ಲಿ ಬೇಕೆಂದೇ ಇಂಜಿನ್ ನಿಲ್ಲಿಸಿದೆವು. ಘಟ್ಟದ ಕೆಳಗಿನಿಂದ ಅಷ್ಟು ಕಷ್ಟಪಟ್ಟು ಮೋಟಾರು ತಂದದ್ದು ಅದನ್ನು ಆರಿಸುವುದಕ್ಕೋ ಎಂದು ಊರವರು ನಗುತ್ತಿದ್ದರು. ಅಕ್ಕ ಕೂಗುವುದು, ತಂಗಿ ಕೂಗುವುದು. ತಂಗಿಗೆ ಅದೊಂದು ಬಿಟ್ಟು ಬೇರೆ ಮಾತು ಉಳಿದಿರಲಿಲ್ಲ.

ಹೋದ ವರ್ಷ ಅತ್ತೆ ಹೋದರು. ಜ್ವರ ಎಂದು ಮಲಗಿದವರು ಏಳಲಿಲ್ಲ. ಅಷ್ಟು ಓಡಾಡುವ ಜೀವ ಅಷ್ಟು ಬೇಗ ಸುಮ್ಮನಾದದ್ದನ್ನು ನನ್ನ ಮನಸ್ಸು ಇನ್ನೂ ಒಪ್ಪಿಲ್ಲ. ತಂಗಿಗೆ ಮಗ ಸೊಸೆ ಹೇಳಿದರಂತೆ. ಅವರು ತಲೆಯಾಡಿಸಿ ಊಟ ಮುಂದುವರಿಸಿದರಂತೆ.

ದೋಣಿ ನನ್ನ ಪಾಲಿಗೆ ಬಂತು. ಆಚೆ ದಡದಲ್ಲೂ ಹೊಲಿಗೆಯ ಗಿರಾಕಿಗಳಿದ್ದಾರೆ, ವಾರಕ್ಕೊಮ್ಮೆಯಾದರೂ ಹೋಗುತ್ತೇನೆ. ಆದರೆ ನಡುನೀರಿನಲ್ಲಿ ಇಂಜಿನ್ ನಿಲ್ಲಿಸುವುದನ್ನು ಬಿಟ್ಟೆ. ನಿಲ್ಲಿಸಿದರೆ ಏನು ಕೇಳೀತು ಎಂಬ ಹೆದರಿಕೆ. ದಡ ತಾಗುವವರೆಗೂ ಸದ್ದು ಮಾಡಿಕೊಂಡೇ ಹೋಗುತ್ತಿದ್ದೆ.

ನಿನ್ನೆ ಅದು ತಾನಾಗಿಯೇ ನಿಂತಿತು. ಬೇಸಿಗೆಯಲ್ಲಿ ನೀರು ಇಳಿದಿತ್ತು, ಕೆಸರು ಎಳೆದುಕೊಂಡಿರಬೇಕು. ವಾಸನೆ ಬಂತು, ಸದ್ದಡಗಿತು. ನಾನು ಗಡಿಬಿಡಿಯಲ್ಲಿ ಹಗ್ಗ ಎಳೆದೆ, ಮತ್ತೆ ಎಳೆದೆ. ಅಷ್ಟರಲ್ಲಿ ಬಂದೇಬಿಟ್ಟಿತು.

ಕೂ...

ಬಿಟ್ಟು, ಇನ್ನೊಮ್ಮೆ. ಇನ್ನೂ ಜೋರಾಗಿ. ಕಾಯುತ್ತಿದ್ದ ದನಿ ಅದು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಅತ್ತೆಯ ಹಾಗೆಯೇ ಕೈ ಅಡ್ಡ ಹಿಡಿದು, ಅವರ ಹಾಗೆಯೇ ಎಳೆದು ಕೂಗಿದೆ. ಇಷ್ಟು ವರ್ಷ ಪಕ್ಕದಲ್ಲಿ ಕೂತು ಕೇಳಿದ್ದೆ, ಚೆನ್ನಾಗಿಯೇ ಬಂತು ಎಂದುಕೊಂಡೆ.

ಆಚೆ ದಡ ಸುಮ್ಮನಾಯಿತು. ಮತ್ತೆ ಕೂಗಿದೆ. ಉತ್ತರ ಬರಲಿಲ್ಲ. ಹೆತ್ತ ಮಗನನ್ನೇ ಮರೆತವರು ಅವರು. ಆದರೂ ಇದು ತನ್ನ ಅಕ್ಕ ಅಲ್ಲ ಎಂದು ಅವರಿಗೆ ಗೊತ್ತಾಗಿತ್ತು.

ಹುಟ್ಟು ಹಾಕಿಕೊಂಡು ಹೋದೆ. ಅಂಗಳದ ತುದಿಯಲ್ಲಿ ನಿನ್ನೆ ಯಾರೂ ನಿಂತಿರಲಿಲ್ಲ.