ಬರ್ತಾ ಬಾಯಿ ಮಾಡಿದ ಗಿಡುಗ

ಶಂಕರಪುರದಲ್ಲಿ ಬರ್ತಾ ಬಾಯಿಯ ಮನೆ ಎಲ್ಲಿ ಎಂದು ಕೇಳಿದರೆ, ಮಲ್ಲಿಗೆಯ ಬರ್ತಾ ಬಾಯಿಯೋ ಫೈಬರಿನ ಬರ್ತಾ ಬಾಯಿಯೋ ಎಂದು ತಿರುಗಿ ಕೇಳುತ್ತಾರೆ. ಬಾಯಿ ಎಂದರೆ ನಮ್ಮಲ್ಲಿ ಕ್ರೈಸ್ತ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಮಾತು. ನಾನು ಹೇಳುತ್ತಿರುವುದು ಫೈಬರಿನವರ ವಿಷಯ. ವಯಸ್ಸು ಐವತ್ತೆರಡು. ಬೈಕ್ ಬಿಡಲು ಬರುವುದಿಲ್ಲ. ಆದರೂ ಉಡುಪಿಯಿಂದ ಕಾರ್ಕಳದವರೆಗಿನ ಬೈಕ್ ಸವಾರರಿಗೆಲ್ಲ ಅವರ ಹೆಸರು ಗೊತ್ತು.

ಅವರ ಗಂಡ ಸಿರಿಲ್ ಶಾರ್ಜಾದಲ್ಲಿ ಹತ್ತೊಂಬತ್ತು ವರ್ಷ ಫೈಬರ್ ನೀರಿನ ಟ್ಯಾಂಕ್ ಮಾಡುವ ಕಾರ್ಖಾನೆಯಲ್ಲಿ ದುಡಿದವರು. ಊರಿಗೆ ಬಂದ ಮೇಲೆ ಮನೆಯ ಹಿಂದೆ ಶೀಟಿನ ಶೆಡ್ ಹಾಕಿ, ಕಾಪುವಿನ ದೋಣಿಗಳ ಒಡೆದ ಜಾಗಕ್ಕೆ ತೇಪೆ ಹಾಕುವ ಕೆಲಸ ಶುರು ಮಾಡಿದರು. ಎರಡೇ ವರ್ಷದಲ್ಲಿ ಫೈಬರಿಗೆ ಬಳಿಯುವ ರೆಸಿನ್ ಅಂಟು ತಾಗಿದರೆ ಸಾಕು, ಮೊಣಕೈವರೆಗೆ ಗುಳ್ಳೆ ಏಳತೊಡಗಿತು. ಡಾಕ್ಟರು ಇನ್ನು ಮುಟ್ಟಲೇಬಾರದು ಎಂದರು. ಮರುದಿನ ಕೈಗವಸು ಹಾಕಿಕೊಂಡು ಬ್ರಷ್ ಹಿಡಿದವರು ಬರ್ತಾ ಬಾಯಿ. ಸಿರಿಲ್ ಶೆಡ್ಡಿನ ಹೊರಗೆ ಕುರ್ಚಿ ಹಾಕಿಕೊಂಡು ಹೇಳುವುದು, ಇವರು ಒಳಗೆ ಮಾಡುವುದು. ಹೀಗೆ ಏಳು ವರ್ಷ.

ಬೈಕಿನ ಕೆಲಸ ಬಂದದ್ದು ಆಕಸ್ಮಿಕವಾಗಿ. ಮಣಿಪಾಲದ ವಿದ್ಯಾರ್ಥಿಯೊಬ್ಬ ಒಡೆದ ಫೇರಿಂಗ್ ಒಂದನ್ನು ಗೋಣಿಯಲ್ಲಿ ಸುತ್ತಿಕೊಂಡು ಬಂದ. ಫೇರಿಂಗ್ ಅಂದರೆ ಬೈಕಿನ ಮುಂದೆ, ಹೆಡ್‌ಲೈಟಿನ ಸುತ್ತ ಕೂರಿಸುವ ಕವಚ. ಎದೆಗೆ ಹೊಡೆಯುವ ಗಾಳಿಮಳೆಯನ್ನು ಪಕ್ಕಕ್ಕೆ ಸರಿಸುವುದು ಅದರ ಕೆಲಸ. ಆದರೆ ಹೆಚ್ಚಿನವರು ಹಾಕಿಸುವುದು ಚೆಂದಕ್ಕೆ. ಬರ್ತಾ ಬಾಯಿ ಅದನ್ನು ಜೋಡಿಸಿ ಕೊಟ್ಟರು, ಅದರ ಅಂದಾಜಿನಲ್ಲೇ ತಮ್ಮದೊಂದು ಅಚ್ಚನ್ನೂ ಮಾಡಿಕೊಂಡರು.

ಅವರ ಮೊದಲ ಫೇರಿಂಗ್ ಸಣ್ಣದು, ದುಂಡಗಿನದು. ಎರಡು ಕಬ್ಬಿಣದ ಪಟ್ಟಿಗಳಿಂದ ಬೈಕಿನ ಚಾಸಿಗೆ, ಅಂದರೆ ಹ್ಯಾಂಡಲಿನ ಜೊತೆ ತಿರುಗದ ಚೌಕಟ್ಟಿಗೆ, ಬೋಲ್ಟ್ ಆಗುತ್ತಿತ್ತು. ಬೆಲೆ ಏಳು ಸಾವಿರದ ಇನ್ನೂರು. ನಮ್ಮ ಸವಾರರ ವಾಟ್ಸಾಪ್ ಗುಂಪಿನಲ್ಲಿ ಅದರ ಫೋಟೋ ಬಂದ ದಿನ ಅಭಿಪ್ರಾಯಗಳ ಸುರಿಮಳೆಯಾಯಿತು. ಮಳೆಯಲ್ಲಿ ಅಂಗಿ ಒದ್ದೆಯಾಗುವುದಿಲ್ಲ ಎಂದು ಒಬ್ಬ ಬರೆದ. ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ ಉಂಟು ಎಂದು ಇನ್ನೊಬ್ಬ. ಆನ್‌ಲೈನಿನಲ್ಲಿ ನಾಲ್ಕೂವರೆ ಸಾವಿರಕ್ಕೆ ಪ್ಲಾಸ್ಟಿಕ್ಕಿನದು ಸಿಗುವಾಗ ಇದಕ್ಕೆ ಏಳು ಸಾವಿರ ಯಾಕೆ ಎಂದು ಹತ್ತು ಜನ. ಯಾರೋ ಬರ್ತಾ ಬಾಯಿಯನ್ನೂ ಗುಂಪಿಗೆ ಸೇರಿಸಿದ್ದರು. ಪ್ರತಿ ಸಂಜೆ ಅವರು ಎಲ್ಲವನ್ನೂ ಸಿರಿಲ್‌ಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರಂತೆ. ಇವರು ಹತ್ತೊಂಬತ್ತು ವರ್ಷ ಟ್ಯಾಂಕ್ ಮಾಡಿದರು, ಟ್ಯಾಂಕ್ ಚೆಂದ ಉಂಟು ಅಂತ ಯಾರಾದರೂ ಹೇಳಿದರಾ ಎಂದು ಒಮ್ಮೆ ನನ್ನಲ್ಲಿ ಕೇಳಿದ್ದರು. ಬೈದವರ ಮಾತೂ ಅವರಿಗೆ ಬೇಕಿತ್ತು.

ಆ ಗುಂಪಿನಲ್ಲಿ ಕಾರ್ಕಳದ ಉಜ್ವಲ್ ಎಂಬವನ ಮಾತಿಗೆ ತೂಕ ಹೆಚ್ಚು. ಬೈಕ್ ಸಾಮಾನುಗಳ ವೀಡಿಯೊ ಮಾಡುವವ, ಅವನು ಒಳ್ಳೆಯದು ಎಂದದ್ದು ಮಾರಾಟವಾಗುತ್ತದೆ. ಅವನು ಶಂಕರಪುರಕ್ಕೇ ಬಂದು ಚಿತ್ರ ಬರೆದು ತೋರಿಸಿದ. ಎರಡೂ ಬದಿ ಗಿಡುಗದ ರೆಕ್ಕೆಯ ಹಾಗೆ ಅಗಲವಾಗಬೇಕು. ಹ್ಯಾಂಡಲ್ ತಿರುಗಿಸಿದರೆ ಗಿಡುಗ ತಲೆ ತಿರುಗಿಸಿದ ಹಾಗೆ ಕಾಣಬೇಕು, ಅದಕ್ಕೆ ಚಾಸಿಗೆ ಬೇಡ, ಹ್ಯಾಂಡಲಿಗೇ ಕ್ಲಾಂಪ್ ಹಾಕಿ ಕಟ್ಟಿದರೆ ಸಾಕು. ಕಬ್ಬಿಣದ ಕೆಲಸದ ಖರ್ಚು ಉಳಿಯುವುದರಿಂದ ಬೆಲೆ ಐದು ಸಾವಿರದೊಳಗೆ ನಿಲ್ಲುತ್ತದೆ.

ಸಿರಿಲ್ ಕುರ್ಚಿಯಿಂದಲೇ ಒಂದು ಮಾತು ಹೇಳಿದರು. ದೋಣಿಯಲ್ಲಿ ಚುಕ್ಕಾಣಿಗೆ ಯಾರೂ ಹಾಯಿ ಕಟ್ಟುವುದಿಲ್ಲ ಎಂದು. ಉಜ್ವಲ್ ನಕ್ಕ. ಬರ್ತಾ ಬಾಯಿಗೆ ಆ ಮಾತು ಕೇಳಿಸಿತ್ತು. ಕೇಳಿಸಿಯೂ ಅಚ್ಚು ಮಾಡಿದರು.

ನಾಲ್ಕು ಸಾವಿರದ ಒಂಬೈನೂರಕ್ಕೆ ಗಿಡುಗ ಹೊರಬಂತು. ಒಂದು ತಿಂಗಳಲ್ಲಿ ಹನ್ನೊಂದು ಹೋದವು. ಅದರಲ್ಲಿ ಒಂದು ನನ್ನದು. ನಾನು ಕಡಿಯಾಳಿಯವ, ಕಾರ್ಕಳದ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸ, ದಿನಾ ಬೈಕಿನಲ್ಲೇ ಹೋಗಿಬರುವುದು. ಹಾಕಿಸಿದ ದಿನವೇ ಗುಂಪಿನಲ್ಲಿ ಬರೆದೆ: ‘ಕೊಟ್ಟ ದುಡ್ಡಿಗೆ ಮೋಸವಿಲ್ಲ. ಕಣ್ಣು ಮುಚ್ಚಿ ತೆಗೆದುಕೊಳ್ಳಿ.’ ಅದಕ್ಕೆ ನಲವತ್ತು ಮೆಚ್ಚುಗೆಯ ಹೆಬ್ಬೆರಳು ಬಿದ್ದವು.

ಏಪ್ರಿಲಿನ ಕೊನೆಯಲ್ಲಿ ಸಮುದ್ರದ ಗಾಳಿ ಜೋರಾಯಿತು. ಒಂದು ಮಧ್ಯಾಹ್ನ ನಾನು ಕಟಪಾಡಿಗೆ ಹೊರಟು ಉದ್ಯಾವರ ಸೇತುವೆ ದಾಟುತ್ತಿದ್ದೆ. ಪಡುವಣದಿಂದ ಗಾಳಿ ಬೀಸಿದ್ದೇ ಹ್ಯಾಂಡಲ್ ತಾನಾಗಿ ಎಡಕ್ಕೆ ಹೊರಳಿತು. ನಾನು ಬಲಕ್ಕೆ ಎಳೆದೆ, ಅದು ಅತಿಯಾಗಿ ಬಲಕ್ಕೆ ಹೋಯಿತು. ಎರಡು ಮೂರು ಸಲ ಹಾಗೆ ತಲೆ ಕೊಡವಿ ನೆಟ್ಟಗಾಯಿತು. ಹಿಂದಿನಿಂದ ಬರುತ್ತಿದ್ದ ಬಸ್ಸಿನವ ಹಾರ್ನ್ ಹಾಕಿಕೊಂಡು ಮುಂದೆ ಹೋದ. ಟಯರಿನಲ್ಲಿ ಗಾಳಿ ಕಡಿಮೆಯಿರಬೇಕು ಎಂದುಕೊಂಡೆ. ಮರುದಿನ ನೋಡಿಸಿದರೆ ಟಯರ್ ಸರಿಯಾಗಿಯೇ ಇತ್ತು. ಯಾರಿಗೂ ಹೇಳಲಿಲ್ಲ.

ವಾರ ಕಳೆದ ಮೇಲೆ ಗುಂಪಿನಲ್ಲಿ ದೀಕ್ಷಿತಾ ಒಂದು ಸಾಲು ಬರೆದಳು. ಅವಳು ಮಣಿಪಾಲದ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಮನೆ ಹೂಡೆಯಲ್ಲಿ. ಗಿಡುಗ ಹಾಕಿಸಿದ ಹನ್ನೊಂದು ಜನರಲ್ಲಿ ಅವಳೊಬ್ಬಳೇ ಹೆಣ್ಣು. ‘ಉದ್ಯಾವರ ಸೇತುವೆಯಲ್ಲಿ ಹ್ಯಾಂಡಲ್ ನನ್ನ ಕೈಯಲ್ಲಿರಲಿಲ್ಲ, ಬೇರೆ ಯಾರಿಗಾದರೂ ಹೀಗಾಗಿದೆಯಾ?’ ಎಂದು. ಕೈಗೆ ಬಲ ಸಾಲದು ಎಂದು ಒಬ್ಬ ಬರೆದ. ಸ್ಕೂಟಿ ತಗೊಳ್ಳಿ ಮೇಡಂ ಎಂದು ಇನ್ನೊಬ್ಬ. ನಗುವ ಮುಖಗಳು ಬಂದವು. ಅವಳ ಪ್ರಶ್ನೆಯನ್ನು ನಾನು ಎರಡು ಸಲ ಓದಿದೆ. ಹೌದು, ನನಗೂ ಆಗಿದೆ ಎಂದು ಟೈಪ್ ಮಾಡಿದೆ. ಆಮೇಲೆ ಅಳಿಸಿದೆ. ಕಣ್ಣು ಮುಚ್ಚಿ ತೆಗೆದುಕೊಳ್ಳಿ ಎಂದು ಬರೆದವನು ನಾನೇ ತಾನೇ.

ಬರ್ತಾ ಬಾಯಿ ನಗಲಿಲ್ಲ. ಮರುದಿನವೇ ದೀಕ್ಷಿತಾಳನ್ನು ಕರೆಸಿ, ತನ್ನನ್ನು ಹಿಂದೆ ಕೂರಿಸಿಕೊಂಡು ಹೆದ್ದಾರಿಗೆ ಹೋಗು ಎಂದರು. ಸಿರಿಲ್ ಬೇಡವೆಂದರೂ ಕೇಳಲಿಲ್ಲ. ಕಟಪಾಡಿಯಲ್ಲಿ ಹೆದ್ದಾರಿ ಹತ್ತಿ ಕಾಪುವಿನ ಕಡೆ ಹೊರಟರು. ಬಯಲು ಬಂದಲ್ಲಿ ಗಾಳಿ ಬಲಗಡೆಯಿಂದ ಹೊಡೆಯುತ್ತಿತ್ತು. ಹುಡುಗಿಯ ಎರಡೂ ಭುಜ ಬಿಗಿಯುವುದು ಹಿಂದಿನಿಂದ ಅವರಿಗೆ ಕಾಣುತ್ತಿತ್ತು. ಆಗ ಒಂದು ಗ್ಯಾಸ್ ಟ್ಯಾಂಕರ್ ಅವರನ್ನು ದಾಟಿತು. ಟ್ಯಾಂಕರ್ ಪಕ್ಕದಲ್ಲಿದ್ದಷ್ಟು ಹೊತ್ತು ಗಾಳಿ ನಿಂತಿತು, ಅದು ಮುಂದೆ ಸರಿದದ್ದೇ ಒಮ್ಮೆಲೇ ಬಂದು ಬಡಿಯಿತು. ಬೈಕ್ ಒಂದು ಮಾರು ಪಕ್ಕಕ್ಕೆ ಹೋಗಿ ಮಣ್ಣಿಗೆ ಇಳಿಯಿತು. ಹೇಗೋ ಬೀಳಲಿಲ್ಲ. ಕಾಪುವಿನ ಬಸ್ ನಿಲ್ದಾಣದಲ್ಲಿ ಇಬ್ಬರೂ ಅರ್ಧ ಗಂಟೆ ಕೂತರು. ಬರ್ತಾ ಬಾಯಿ ಅಲ್ಲಿಂದ ಮನೆಗೆ ಬಸ್ಸಿನಲ್ಲಿ ಬಂದರು.

ಅಂದೇ ಸಂಜೆ ಗುಂಪಿಗೆ ಅವರ ದನಿಯ ಸಂದೇಶ ಬಂತು. ನಿಧಾನವಾಗಿ, ಒಂದೊಂದೇ ಶಬ್ದ ಹುಡುಕಿ ಮಾತಾಡಿದ್ದರು. “ಗಿಡುಗದಲ್ಲಿ ದೋಷ ಉಂಟು. ಬದಿಯಿಂದ ಗಾಳಿ ರೆಕ್ಕೆಗೆ ಹೊಡೆದರೆ ಹ್ಯಾಂಡಲೇ ತಿರುಗ್ತದೆ. ದೋಷ ನನ್ನದು. ಹನ್ನೊಂದು ಜನವೂ ತೆಗೆದುಕೊಂಡು ಬನ್ನಿ. ಬದಿ ಕತ್ತರಿಸಿ ಚಾಸಿಗೆ ಕೂರಿಸಿ ಕೊಡ್ತೇನೆ, ದುಡ್ಡು ಬೇಡ. ಮಳೆಗಾಲದ ಮೊದಲು ಬನ್ನಿ.”

ಮೊದಲು ಉತ್ತರ ಬರೆದವನು ಉಜ್ವಲ್. ಒಬ್ಬಳು ಹೆದರಿದ್ದಕ್ಕೆ ಎಲ್ಲರ ಬೈಕಿನ ರೆಕ್ಕೆ ಕತ್ತರಿಸುವುದು ಸರಿಯಲ್ಲ, ಚಾಸಿಗೆ ಕೂರಿಸಿದರೆ ಅದು ಗಿಡುಗವೇ ಅಲ್ಲ ಎಂದು. ಹೆಬ್ಬೆರಳುಗಳು ಅವನಿಗೆ ಬಿದ್ದವು. ಶಂಕರಪುರಕ್ಕೆ ಬೈಕ್ ತಂದವರು ದೀಕ್ಷಿತಾ ಮತ್ತು ಇನ್ನಿಬ್ಬರು. ನಾನು ಹೋದದ್ದು ಹತ್ತು ದಿನ ಬಿಟ್ಟು.

ಅವರು ಬೋಲ್ಟ್ ಬಿಚ್ಚುತ್ತಿದ್ದಾಗ, ನನಗೂ ಸೇತುವೆಯಲ್ಲಿ ಹಾಗೇ ಆಗಿತ್ತು, ದೀಕ್ಷಿತಾಳಿಗಿಂತ ಮೊದಲೇ ಆಗಿತ್ತು ಎಂದು ಹೇಳಿಬಿಟ್ಟೆ. ಸ್ಪ್ಯಾನರ್ ನಿಂತಿತು.

“ನೀವು ಬರೆಯಲಿಲ್ಲ ಅಲ್ವಾ ಭಟ್ರೇ,” ಎಂದರು.

ಇಲ್ಲ ಎಂದೆ. ಅವರು ಕೆಲಸ ಮುಗಿಸಿದರು. ಹೊರಡುವಾಗ, ಕಾರ್ಕಳದಲ್ಲಿ ಉಜ್ವಲನ ಮನೆ ಗೊತ್ತುಂಟಾ ಎಂದು ಕೇಳಿದರು. ಗುಂಪಿನವರು ತನ್ನ ಮಾತು ಕೇಳದಿದ್ದರೂ ಅವನ ಮಾತು ಕೇಳುತ್ತಾರೆ ಎಂಬುದು ಅವರ ಲೆಕ್ಕ. ಜೂನ್ ಎರಡನೆಯ ವಾರ, ಮಳೆ ಹಿಡಿದ ಮೇಲೆ, ನಾನೇ ಕರೆದುಕೊಂಡು ಹೋದೆ. ನನ್ನ ಬೈಕಿನ ಹಿಂದೆ ಕೂತು ದಾರಿಯುದ್ದಕ್ಕೂ ಎದುರು ಬರುವ ಬೈಕುಗಳ ಮೂತಿಯನ್ನೇ ನೋಡುತ್ತಿದ್ದರು. ಹಿರಿಯಡ್ಕ ದಾಟಿದ ಮೇಲೆ ಕೆಂಪು ಗಿಡುಗ ಹಾಕಿದ ಬೈಕ್ ಒಂದು ನಮ್ಮನ್ನು ಹಾದುಹೋಯಿತು. ಸ್ವಲ್ಪ ದೂರದಲ್ಲಿ ಇನ್ನೊಂದು, ಹಳದಿ. ನನ್ನ ಭುಜ ತಟ್ಟಿ, ಕೆಂಪು, ಹಳದಿ ತಾನು ಮಾಡಿಯೇ ಇಲ್ಲ ಎಂದರು.

ಉಜ್ವಲ್ ಮರ್ಯಾದೆಯಿಂದಲೇ ಕೂರಿಸಿದ. ಅವನ ತಾಯಿ ಚಾ ತಂದರು. ಬರ್ತಾ ಬಾಯಿ ಬಂದ ವಿಷಯ ಹೇಳಿ ಮುಗಿಸುವವರೆಗೂ ಸುಮ್ಮನೆ ಕೇಳಿ, ಎದ್ದು ಪಕ್ಕದ ಕೋಣೆಯ ಬಾಗಿಲು ತೆರೆದ. ಗೋಡೆಯಿಂದ ಗೋಡೆಗೆ ಒಂದರೊಳಗೊಂದು ಕೂರಿಸಿಟ್ಟ ಗಿಡುಗಗಳು. ಕೆಂಪು, ಹಳದಿ, ಕಪ್ಪು. ಬರ್ತಾ ಬಾಯಿ ಮಾಡಿಕೊಟ್ಟ ಗಿಡುಗವೊಂದನ್ನು ಬೇರೆ ಊರಿನ ಕಾರ್ಖಾನೆಗೆ ಕಳುಹಿಸಿ ಅದರಿಂದಲೇ ಅಚ್ಚು ತೆಗೆಸಿದ್ದನಂತೆ. ಬೆಲೆ ಮೂರು ಸಾವಿರದ ಆರುನೂರು.

“ಎಲ್ಲರೂ ಬೆಲೆ ಜಾಸ್ತಿ ಅಂತಿದ್ರು ಆಂಟಿ,” ಎಂದ. “ನಲವತ್ತು ಆಗಲೇ ಹೋಗಿದೆ. ಒಬ್ಬನೂ ದೂರು ಹೇಳಲಿಲ್ಲ.”

ಬರ್ತಾ ಬಾಯಿ ಮೇಲಿನ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ಎಡಗಡೆಯ ರೆಕ್ಕೆಯ ಕೆಳಗೆ ಹೆಬ್ಬೆರಳಿನಷ್ಟು ಸಣ್ಣ ತಗ್ಗು. ಅಚ್ಚು ಒಣಗುವ ಮೊದಲು ಅವರ ಕೈ ತಾಗಿ ಆದ ತಗ್ಗು ಅದು. ಅದೂ ಹಾಗೇ ಬಂದಿತ್ತು. ಫೈಬರ್ ಮಾತ್ರ ತೆಳ್ಳಗೆ, ಬೆರಳಿನ ನೆರಳು ಆಚೆಗೆ ಕಾಣುವಷ್ಟು ತೆಳ್ಳಗೆ. ತೆಗೆದುಕೊಂಡವರ ಹೆಸರು ಕೊಡು ಎಂದರು. ಬರೆದಿಟ್ಟುಕೊಂಡಿಲ್ಲ, ಕುಂದಾಪುರ, ಮಂಗಳೂರಿಗೂ ಹೋಗಿವೆ ಎಂದ. ಚಾ ಹಾಗೇ ಉಳಿಯಿತು.

ಜುಲೈಯಲ್ಲಿ ದೀಕ್ಷಿತಾಳ ಫೋನ್ ಬಂತು. ಹೆದ್ದಾರಿಯಲ್ಲಿ ಕಾಪುವಿನ ದಕ್ಷಿಣಕ್ಕೆ ಒಬ್ಬ ಬಿದ್ದಿದ್ದಾನೆ, ಮಣಿಪಾಲದ ಆಸ್ಪತ್ರೆಯಲ್ಲಿದ್ದಾನೆ, ಅವನ ಬೈಕಿನ ಫೋಟೋ ನೋಡಿದೆ, ಗಿಡುಗ ಉಂಟು ಎಂದು. ಗುಂಪಿನಲ್ಲೂ ಆ ಸುದ್ದಿ ಬಂದಿತ್ತು. ರಸ್ತೆ ಹಾಳು, ಮಳೆ ಜೋರು, ಲಾರಿಯವರಿಗೆ ತಲೆ ಸರಿ ಇಲ್ಲ ಎಂದೆಲ್ಲ ಬರೆದಿದ್ದರು. ಗಿಡುಗದ ಹೆಸರು ಯಾರೂ ಎತ್ತಿರಲಿಲ್ಲ. ಈ ಸಲ ನಾನು ಬರೆದೆ. ಸೇತುವೆಯಲ್ಲಿ ಆದದ್ದು, ಮುಚ್ಚಿಟ್ಟದ್ದು, ಎಲ್ಲ. ನಾಲ್ಕು ಜನ ಓದಿ ತಮಗೂ ಆಗಿದೆ ಎಂದು ನನಗೆ ಬೇರೆಯಾಗಿ ತಿಳಿಸಿದರು. ಗುಂಪಿನಲ್ಲಿ ಹೇಳಲಿಲ್ಲ.

ಬಿದ್ದವನ ಹೆಸರು ರೋಹಿತ್. ಇಪ್ಪತ್ತಾರು ವರ್ಷ, ಪಡುಬಿದ್ರಿಯವ. ಎಡಗಾಲು ಎರಡು ಕಡೆ ಮುರಿದಿತ್ತು, ಭುಜಕ್ಕೆ ಆಪರೇಷನ್ ಆಗಿತ್ತು. ಬರ್ತಾ ಬಾಯಿ ಕಿತ್ತಳೆ ಹಣ್ಣು ಹಿಡಿದುಕೊಂಡು ಹೋದರು, ಜೊತೆಗೆ ನಾನೂ ದೀಕ್ಷಿತಾಳೂ ಇದ್ದೆವು. ಇವರು ಯಾರೆಂದು ಅವನಿಗೆ ಗೊತ್ತಿಲ್ಲ. ನೋಡಲು ಬಂದ ಯಾರೋ ಪರಿಚಯದವರು ಎಂದುಕೊಂಡು ಖುಷಿಯಿಂದಲೇ ಮಾತಾಡಿದ. ಗಾಳಿ ಬಂತು, ಮತ್ತೆ ನೆನಪಿಲ್ಲ ಎಂದ. ಬೈಕ್ ಪೂರ್ತಿ ಹೋಗಿದೆ ಎಂದ.

“ಮುಂದಿನ ಫೇರಿಂಗಿಗೆ ಮಾತ್ರ ಎಂತದೂ ಆಗಲಿಲ್ಲ, ಮಾರಾಯ್ರೇ. ಮೂರೂವರೆ ಸಾವಿರದ್ದು. ಹೊಸ ಬೈಕಿಗೂ ಅದನ್ನೇ ಹಾಕಿಸುವುದು.”

ಬರ್ತಾ ಬಾಯಿ ಮಂಚದ ಹತ್ತಿರ ಸ್ಟೂಲ್ ಎಳೆದುಕೊಂಡು ಕೂತರು. ಅದರ ಅಚ್ಚು ಮೊದಲು ಮಾಡಿದವಳು ನಾನು ಎಂದರು. ಯಾಕೆ ಬಿದ್ದದ್ದು ಎಂಬುದನ್ನು ಕೈಯಲ್ಲೇ ಹ್ಯಾಂಡಲ್ ಹಿಡಿದ ಹಾಗೆ ಮಾಡಿ ತೋರಿಸಿ ಹೇಳಿದರು. ಗಂಡ ಎಚ್ಚರಿಸಿದ್ದನ್ನೂ ಬಿಡಲಿಲ್ಲ. ರೋಹಿತ್ ಸಿಟ್ಟು ಮಾಡುತ್ತಾನೆ ಎಂದು ನಾನು ಕಾದೆ. ಮಾಡಲಿಲ್ಲ. ತಾನು ತುಂಬ ಸ್ಪೀಡಿನಲ್ಲಿದ್ದೆ, ಅದರದ್ದೇನೂ ತಪ್ಪಲ್ಲ ಎಂದ. ಅವರು ಮತ್ತೊಮ್ಮೆ ಮೊದಲಿನಿಂದ ಹೇಳಿದರು. ಅವನು ಕಣ್ಣು ಮುಚ್ಚಿಕೊಂಡ.

ಲಿಫ್ಟಿನಲ್ಲಿ ಇಳಿಯುವಾಗ ಬರ್ತಾ ಬಾಯಿ, ಅವನು ಬೈದಿದ್ದರೆ ಒಳ್ಳೆಯದಿತ್ತು ಎಂದರು.

ಈಗ ಆಗಸ್ಟ್. ಅವರು ಹಳೆಯ ದುಂಡು ಫೇರಿಂಗ್ ಮಾತ್ರ ಮಾಡುತ್ತಾರೆ, ತಿಂಗಳಿಗೆ ಒಂದೋ ಎರಡೋ. ಭಾನುವಾರ ಪೂಜೆ ಮುಗಿಸಿ ಇಗರ್ಜಿಯಿಂದ ನೇರ ಕಾಪುವಿಗೆ ಬರುತ್ತಾರೆ. ಹೆದ್ದಾರಿಯ ಬದಿಯ ಪೆಟ್ರೋಲ್ ಬಂಕಿನಲ್ಲಿ ಕೊಡೆ ಹಿಡಿದು ನಿಂತು, ಗಿಡುಗ ಹಾಕಿದ ಬೈಕ್ ಬಂದರೆ ಹತ್ತಿರ ಹೋಗಿ ಮಾತಾಡುತ್ತಾರೆ. ಬಂಕಿನವರು ಮೊದಲು ಗದರಿದರು, ಈಗ ಸುಮ್ಮನಿದ್ದಾರೆ. ಇಷ್ಟು ದಿನದಲ್ಲಿ ಆರು ಜನ ಅಲ್ಲೇ ಕ್ಲಾಂಪ್ ಬಿಚ್ಚಿ ಕೊಟ್ಟಿದ್ದಾರೆ. ಹೆಚ್ಚಿನವರು ನಗುತ್ತಾರೆ. ಉಜ್ವಲನ ಹೊಸ ವೀಡಿಯೊದಲ್ಲಿ ಬೆಲೆ ಮೂರು ಸಾವಿರಕ್ಕೆ ಇಳಿದಿದೆ.

ಕಳೆದ ಭಾನುವಾರ ನಾನೂ ಹೋಗಿದ್ದೆ. ಹಳದಿ ಗಿಡುಗದ ಬೈಕ್ ಒಂದು ಬಂತು, ಹಿಂದೆ ಒಬ್ಬಳು ಹುಡುಗಿ. ಬರ್ತಾ ಬಾಯಿ ಹೇಳಿದ್ದನ್ನೆಲ್ಲ ಅವನು ತಾಳ್ಮೆಯಿಂದಲೇ ಕೇಳಿದ.

“ನನಗೆ ಇಷ್ಟರವರೆಗೆ ಎಂತದೂ ಆಗಲಿಲ್ಲ ಆಂಟಿ,” ಎಂದು ಹೇಳಿ ಹೆಲ್ಮೆಟ್ ಹಾಕಿಕೊಂಡ.

ಹುಡುಗಿ ಮಾತ್ರ ಒಮ್ಮೆ ಹಿಂದೆ ತಿರುಗಿ ನೋಡಿದಳು. ಬೈಕ್ ಹೆದ್ದಾರಿ ಹತ್ತಿ ಮಂಗಳೂರಿನ ಕಡೆ ಹೋಯಿತು. ಸಮುದ್ರದ ಮೇಲೆ ಮೋಡ ಕಪ್ಪಾಗಿ ಕಟ್ಟಿತ್ತು, ಬಂಕಿನ ಬಾವುಟಗಳೆಲ್ಲ ಕಡಲಗಾಳಿಗೆ ಮೂಡುಮುಖವಾಗಿ ನೆಟ್ಟಗೆ ನಿಂತಿದ್ದವು.