ಗ್ಯಾರೇಜಿನ ನೆಲಕ್ಕೊಂದು ಮಂಕು ಮಚ್ಚೆ

ತಾನು ನಿಂತಿರುವ ನೆಲ ಹೊಳೆಯುತ್ತಿದೆಯೋ ಇಲ್ಲವೋ ಎಂಬ ಪರಿವೆ ಕಾರಿಗೆ ಕಿಂಚಿತ್ತೂ ಇರುವುದಿಲ್ಲ. ಇರುವುದೆಲ್ಲ ಅದರ ಯಜಮಾನನಿಗೆ. ಮಲ್ಲಾಪುರದ ಕ್ವಾರ್ಟರ್ಸ್ ಬಿಟ್ಟು ಕದ್ವಾಡದಲ್ಲಿ ಮನೆ ಕಟ್ಟಿಸಿದಾಗ ನಾನು ಗ್ಯಾರೇಜಿನ ನೆಲಕ್ಕೆ ಎಪಾಕ್ಸಿ ಲೇಪ ಬಳಿಸಿದೆ. ಅದು ಒಣಗಿ ಕನ್ನಡಿಯಂತಾದದ್ದೇ ತಡ, ದೇವರ ಕೋಣೆಯಲ್ಲೂ ನಾನು ತೋರದಿದ್ದ ಮಡಿವಂತಿಕೆ ಗ್ಯಾರೇಜಿಗೆ ಪ್ರಾಪ್ತವಾಯಿತು. ಮೆದು ಬಟ್ಟೆ, ಸೌಮ್ಯವಾದ ಸೋಪಿನ ನೀರು, ಎಣ್ಣೆ ತೊಟ್ಟಿಕ್ಕಿದರೆ ತಕ್ಷಣ ಒರೆಸುವುದು. ಆಸಿಡ್, ವಿನಿಗರ್, ನಿಂಬೆಹಣ್ಣು, ತಂತಿಯ ಬ್ರಶ್ಶು ಸರ್ವಥಾ ನಿಷಿದ್ಧ. ಈ ಸಂಹಿತೆಯನ್ನು ಹೆಂಡತಿ ಶಾಲಿನಿಯ ಮುಂದೆ ನಿತ್ಯವೂ ಪಾರಾಯಣ ಮಾಡುತ್ತಿದ್ದೆ.

ಮನೆಮನೆಗೆ ಮೀನು ತರುವ ತುಳಸಿಬಾಯಿ ಮಾತ್ರ ಇಂಥ ಸಂಹಿತೆಗಳಿಗೆ ಅತೀತಳು. ಗ್ಯಾರೇಜಿನ ನೆರಳಲ್ಲೇ ಬುಟ್ಟಿ ಇಳಿಸಿ, ಕೂತು ಬಂಗಡೆ ಕೊಯ್ದುಕೊಡುವುದು ಅವಳ ವಾಡಿಕೆ. ಒಂದು ಬೆಳಿಗ್ಗೆ ಒದ್ದೆ ಕಾಲಿಟ್ಟವಳು ಸರ್ರನೆ ಜಾರಿ, ಗೋಡೆ ಹಿಡಿದು ಬಚಾವಾದಳು. ಬುಟ್ಟಿಯ ಮೀನೆಲ್ಲ ನನ್ನ ಕನ್ನಡಿಯ ಮೇಲೆ ಈಜಿತು.

"ನಿಮ್ಮ ನೆಲ ನಿಮಗೇ ಇರ್ಲಿ. ನನ್ನ ಸೊಂಟ ಮುರದ್ರೆ ದಂಧೆ ಯಾರು ಮಾಡ್ತಾರೆ? ನಾ ಇನ್ನು ಬರೂದಿಲ್ಲ," ಎಂದು ಮೀನು ಬಾಚಿಕೊಂಡು ಹೊರಟಳು.

ನಾನು ಗೇಟಿನ ತನಕ ಅವಳನ್ನು ಓಲೈಸಿ, ಸೋತು ವಾಪಸಾಗುವಷ್ಟರಲ್ಲಿ, ಮೀನಿನ ವಾಸನೆ ಹೋಗಲೆಂದು ನಮ್ಮ ಕಡೆಯ ಹೆಂಗಸರು ಕೈಗೂ ಪಾತ್ರೆಗೂ ಮಾಡುವುದನ್ನೇ ಶಾಲಿನಿ ನೆಲಕ್ಕೂ ಮಾಡಿದ್ದಳು: ನೆನೆಸಿದ ಹುಳಿ ಕೋಕಂ ಸಿಪ್ಪೆಯಿಂದ ಗಸಗಸ ತಿಕ್ಕಿ, ಅದನ್ನು ಅಲ್ಲೇ ಹರಡಿ ಒಳಗೆ ಹೋಗಿದ್ದಳು. ತೊಳೆದು ನೋಡಿದರೆ ಹುಳಿಗೆ ಹೊಳಪು ಹೋಗಿ, ಮಣೆಯಗಲದ ತರಿತರಿಯಾದ ಮಂಕು ಮಚ್ಚೆ. ನಿಷಿದ್ಧಗಳ ಪೈಕಿ ಕೋಕಂ ಹೆಸರನ್ನು ನಾನು ಹೇಳಿಯೇ ಇರಲಿಲ್ಲವೆಂಬುದು ಅವಳ ವಾದ. ವಾದದಲ್ಲಿ ಲೋಪವಿರಲಿಲ್ಲ, ನನಗೆ ಅಳುವೊಂದು ಬಾಕಿ.

ಆಮೇಲಿನ ದುರ್ಭಿಕ್ಷವನ್ನು ಹೇಗೆ ವರ್ಣಿಸಲಿ, ಓದುಗರೇ? ತುಳಸಿಬಾಯಿ ನಮ್ಮ ಗೇಟು ದಾಟಿ ಪಕ್ಕದ ಮನೆಗೆ ಹೋಗುವಳು, ನನ್ನ ತಟ್ಟೆಗೆ ಸೋರೆಕಾಯಿ ಬರುವುದು. ಪೇಟೆಯಿಂದ ಮೀನು ತಂದರೆ ಕೊಯ್ಯುವ ಕೆಲಸ ನನ್ನದೇ ಎಂದು ಶಾಲಿನಿ ಮೊದಲೇ ಸಾರಿದ್ದಳು. ಹೊಳೆಯುವ ನೆಲದಲ್ಲಿ ನನ್ನ ಹಸಿದ ಮುಖ ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು.

ಕೊನೆಗೆ ಶಾಲಿನಿಯೇ ತುಳಸಿಬಾಯಿಯನ್ನು ಕರೆತಂದು ಆ ಮಚ್ಚೆಯ ಮೇಲೆ ನಿಲ್ಲಿಸಿದಳು. ತುಳಸಿಬಾಯಿ ಕಾಲಿನ ಹೆಬ್ಬೆರಳು ಒತ್ತಿ, ಹಿಮ್ಮಡಿ ತಿರುವಿ ಪರೀಕ್ಷಿಸಿ, ಕೂತೇಬಿಟ್ಟಳು.

"ಇಲ್ಲಿ ಜಾರೂದಿಲ್ಲ ನೋಡಿ. ಆದ್ರೆ ನಾ ಕೂತ್ರೆ ಬುಟ್ಟಿ ಎಲ್ಲಿಡೂದು?"

ಶಾಲಿನಿ ನನ್ನ ಮುಖ ನೋಡಿದಳು. ನಾನು ಬುಟ್ಟಿಯೊಳಗಿನ ಬಂಗಡೆಗಳ ಮುಖ ನೋಡಿದೆ. ಆಮೇಲೆ ಅಡುಗೆಮನೆಗೆ ಹೋಗಿ, ಕೋಕಂ ಡಬ್ಬಿಯನ್ನೇ ಎತ್ತಿಕೊಂಡು ಬಂದು, ಮಚ್ಚೆಯ ಪಕ್ಕದಲ್ಲಿ ಮೊಣಕಾಲೂರಿ ತಿಕ್ಕತೊಡಗಿದೆ.