ಗೋಪುರದ ಮೇಲೆ ಕೆಪ್ಪನಿಗೆ ಕೇಳಿಸಿದ್ದು

ಅವನನ್ನು ಎಲ್ಲರೂ ಕೆಪ್ಪ ಎಂದೇ ಕರೆಯುತ್ತಿದ್ದರು. ಹಾಗಂತ ಹುಟ್ಟು ಕಿವುಡನಲ್ಲ. ಚಿಕ್ಕವನಿದ್ದಾಗ ಅಣ್ಣನ ಸೈಕಲ್ಲನ್ನು ಹೇಳದೆ ಕೇಳದೆ ಒಯ್ದು ಚರಂಡಿಗೆ ಕೆಡವಿದ್ದ. ಅಣ್ಣ ಎರಡೂ ಅಂಗೈ ಬೀಸಿ ಎರಡೂ ಕಿವಿಗೆ ಒಟ್ಟಿಗೇ ಬಾರಿಸಿದ. ರಕ್ತ ಕತ್ತಿನವರೆಗೆ ಇಳಿಯಿತು. ಅಮ್ಮ ಎಣ್ಣೆ ಬಿಸಿಮಾಡಿ ಕಿವಿಗೆ ಬಿಟ್ಟಳು, ಕೀವು ಕಟ್ಟಿಕೊಂಡು ಅಳಿದುಳಿದ ಕಿವಿಯ ಪರದೆಯೂ ಹೋಯಿತು. ಆಮೇಲೆ ಲೋಕವೆಲ್ಲ ಗೋಡೆಯಾಚೆ ನಿಂತು ಪಿಸುಗುಟ್ಟಿದಂತೆ ಅವನಿಗೆ.

ಅದೇ ಅಣ್ಣ ಮುಂದೆ ಮೇಸ್ತ್ರಿಯಾದ. ಉಕ್ಕಿನ ಗೋಪುರಗಳ ತುಕ್ಕು ಕೆರೆದು ಬಣ್ಣ ಬಳಿಸುವುದು ಅವನ ಕಸುಬು, ಕೆಪ್ಪ ಅವನ ಕೈಕೆಳಗಿನ ಆಳು. ಕರೆದದ್ದು ಕೇಳಿಸದಿದ್ದರೆ ಹಲಗೆ ತುಂಡು ಬಂದು ಬೆನ್ನಿಗೆ ಬೀಳುತ್ತಿತ್ತು. ಒಮ್ಮೆ ಬ್ರಶ್ಶಿನ ಹಿಡಿಯಿಂದ ಹೊಡೆದು ಮುಂದಿನ ಹಲ್ಲನ್ನೇ ಉದುರಿಸಿದ್ದ. ಅವತ್ತು ರಾತ್ರಿ ಊಟಕ್ಕೆ ಕೂತಾಗ ತಮ್ಮನ ತಟ್ಟೆಗೆ ತಾನೇ ಬಡಿಸಿ, "ನಾನಿಲ್ದಿದ್ರೆ ಇವನಿಗೆ ಯಾರು ದಿಕ್ಕು?" ಎಂದು ಹೆಂಡತಿಯ ಮುಂದೆ ಎದೆ ಉಬ್ಬಿಸಿದ.

ವಿಮಾನಗಳ ಜಾಡು ಹಿಡಿಯುವ ರೇಡಾರ್ ಗೋಪುರದ ಕೆಲಸ ಸಿಕ್ಕಿತು. ತುದಿಯಲ್ಲಿ ಕೋಣೆಯಷ್ಟು ದೊಡ್ಡ ಲೋಹದ ಬಟ್ಟಲು, ಅದರ ಮುಂದೆ ಕಂಬಿ ಹಾಕಿದ ಅಟ್ಟಣೆ. "ಓಡ್ತಿರುವಾಗ ಬಟ್ಟಲಿನ ಎದುರಿಗಿದ್ರೆ ಅದರ ಅಲೆಗೆ ಮೈ ಒಳಗಿಂದ ಬೇಯುತ್ತೆ. ನೀವು ಇಳಿಯೋವರೆಗೂ ಯಂತ್ರ ಸತ್ತ ಹಾಗೇ ಅಂದ್ಕೊಳ್ಳಿ" ಎಂದಿದ್ದ ಕೆಳಗಿನ ಕೋಣೆಯ ಆಪರೇಟರ್.

ಒಂದು ಮಧ್ಯಾಹ್ನ ಅಣ್ಣ ಗ್ರೈಂಡರ್ ಹಿಡಿದು ಬಟ್ಟಲಿನ ಎದುರಿಗೇ ಮಂಡಿಯೂರಿ ತುಕ್ಕು ಉಜ್ಜುತ್ತಿದ್ದ. ಕೆಪ್ಪ ಅವನ ಬೆನ್ನ ಹಿಂದೆ ಬಣ್ಣ ಕಲಸುತ್ತಿದ್ದ. ಇದ್ದಕ್ಕಿದ್ದಂತೆ ಕೆಪ್ಪನ ತಲೆಯ ಹಿಂಬದಿಯಲ್ಲಿ ಟಿಕ್ ಟಿಕ್ ಎಂದಿತು, ಆಮೇಲೆ ಅದೇ ಒಂದೇ ಸಮನೆ ಗುಂಯ್‌ಗುಟ್ಟತೊಡಗಿತು. ಅಷ್ಟು ಸ್ಪಷ್ಟವಾದ ಸದ್ದನ್ನು ಅವನು ಕೇಳಿ ಎಷ್ಟೋ ವರ್ಷವಾಗಿತ್ತು. ಕಿವಿ ಮುಚ್ಚಿಕೊಂಡ, ತಗ್ಗಲಿಲ್ಲ. ಬಟ್ಟಲಿನ ಎದುರಿಂದ ಪಕ್ಕಕ್ಕೆ ಸರಿದ, ನಿಂತುಹೋಯಿತು. ಮತ್ತೆ ಎದುರಿಗೆ ಬಂದ, ಶುರುವಾಯಿತು. ಸದ್ದು ಬರುತ್ತಿದ್ದುದು ಬಟ್ಟಲಿನಿಂದಲೇ.

"ಅಣ್ಣಾ! ಯಂತ್ರ ಓಡ್ತಿದೆ! ನನ್ನ ತಲೆಯೊಳಗೆ ಕೇಳಿಸ್ತಿದೆ, ಏಳು!"

ಗ್ರೈಂಡರಿನ ಅರಚಾಟದಲ್ಲಿ ಅಣ್ಣನಿಗೆ ಬೇರೆ ಸದ್ದೇ ಇರಲಿಲ್ಲ. ಮುಖ ಜ್ವರ ಬಂದವನಂತೆ ಕೆಂಪೇರಿತ್ತು, ಬೆವರು ಧಾರಾಕಾರ. ಗ್ರೈಂಡರ್ ನಿಲ್ಲಿಸದೆಯೇ ತಿರುಗಿ ಕೂಗಿದ. ತುಟಿ ನೋಡಿ ಕೆಪ್ಪ ಅರ್ಥಮಾಡಿಕೊಂಡ: "ಪಕ್ಕದಲ್ಲಿ ನಿಂತು ಕರೆದ್ರೆ ಕೇಳ್ಸಲ್ಲ ಬೋಳಿಮಗನೇ, ಇಲ್ಲದ ಸದ್ದು ಕೇಳ್ಸುತ್ತಾ?"

ಮೊಣಕಾಲಿಗೆ ಒದ್ದ. ಕೆಪ್ಪ ಮುಗ್ಗರಿಸಿದರೂ ಅವನ ಕಾಲರಿಗೆ ಕೈ ಹಾಕಿ ಎಳೆದ. ಅಣ್ಣನ ಮೊಣಕೈ ತುಟಿ ಸೀಳಿತು. ತಿರುಗುತ್ತಿದ್ದ ಚಕ್ರ ಕೆಪ್ಪನ ಮುಂಗೈ ಕಚ್ಚಿ ಮಾಂಸ ಕಿತ್ತಿತು, ಬಿಳಿ ಬಣ್ಣದ ಮೇಲೆ ರಕ್ತ ಚಿಮ್ಮಿತು. ಅವನು ವೈರನ್ನೇ ಹಿಡಿದು ಜಗ್ಗಿ ಕಿತ್ತ.

ಗ್ರೈಂಡರ್ ನಿಂತಿತು. ಅಣ್ಣನ ಮುಖ ಇಳಿದುಹೋಯಿತು. ಈಗ ಅವನಿಗೂ ಕೇಳಿಸಿತ್ತು. ದಡಬಡಿಸಿ ಎದ್ದು ಮೆಟ್ಟಿಲ ಮೂಲೆಗೆ ಓಡಿದ.

ಅಲ್ಲಿಗೆ ಮುಗಿಯಬೇಕಿತ್ತು. ಕೆಪ್ಪನೂ ಅದೇ ಮೂಲೆಗೆ ಬಂದ, ಸದ್ದು ನಿಂತಿತ್ತು. ಅಲ್ಲಿ ಬಿದ್ದಿದ್ದ ತುಕ್ಕು ಕೆರೆಯುವ ಕಬ್ಬಿಣ ಎತ್ತಿಕೊಂಡ. ಅದರಿಂದ ಅಣ್ಣನ ಮೂಗಿಗೆ ಹೊಡೆದ. ಮೂಳೆ ಮುರಿದದ್ದು ಕೈಗೇ ಗೊತ್ತಾಯಿತು. ಅಣ್ಣ ಕುಸಿದ. ಹೆಗಲಿಗೆ ಹೊಡೆದ, ಪಕ್ಕೆಗೆ ಒದ್ದ, ಅಡ್ಡ ತಂದ ಕೈಗೂ ಹೊಡೆದ. ಜೀವನದಲ್ಲಿ ಮೊದಲ ಸಲ ಅವನು ಕೈ ಎತ್ತಿದ್ದ. ನಿಲ್ಲಿಸಲು ಮನಸ್ಸೇ ಬರಲಿಲ್ಲ. ಕಿರುಚಾಟ ಕೇಳಿ ಮೇಲೆ ಓಡಿಬಂದ ಆಪರೇಟರ್ ಅವನನ್ನು ತಬ್ಬಿ ಹಿಡಿಯಬೇಕಾಯಿತು.

ಆಪರೇಟರನೇ ಅಳುತ್ತಾ ಒಪ್ಪಿಕೊಂಡ: ಸಾಹೇಬರು ಫೋನಿನಲ್ಲಿ ಪರೀಕ್ಷೆ ಮಾಡು ಎಂದರು, ಮೇಲೆ ಜನ ಇರುವುದು ಮರೆತೇಹೋಯಿತು. ಅಣ್ಣನ ಗಾಯಗಳೆಲ್ಲ ಎಳೆದು ತರುವಾಗ ಆದವು ಎಂದುಕೊಂಡು, ಕೆಪ್ಪ ಅಣ್ಣನ ಜೀವ ಉಳಿಸಿದ ಎಂದು ಊರೆಲ್ಲ ಕೊಂಡಾಡಿತು. ಆಸ್ಪತ್ರೆಯಲ್ಲಿ ಕಿವಿಯ ಡಾಕ್ಟರಮ್ಮ ಕಾಗದದ ಮೇಲೆ ತಲೆಯ ಚಿತ್ರ ಬರೆದು ಬಾಯಿ ಅಗಲಿಸಿ ಹೇಳಿದರು, "ರೇಡಾರಿನ ಅಲೆ ಮಿಡಿದಾಗೆಲ್ಲ ತಲೆಯೊಳಗೆ ಒಂದಿಷ್ಟೇ ಇಷ್ಟು ಬಿಸಿ ಹುಟ್ಟುತ್ತೆ. ಆ ಬಿಸಿಗೆ ಏಳುವ ಅದುರಾಟ ಮೂಳೆಯಿಂದ ನೇರ ಒಳಗಿವಿಗೆ ಹೋಗುತ್ತೆ. ನಿಮ್ಮ ಪರದೆ ಹರಿದಿದೆ, ಒಳಗಿವಿ ಚೆನ್ನಾಗೇ ಇದೆ."

ಪಟ್ಟಿ ಸುತ್ತಿದ ಅಣ್ಣ ಪಕ್ಕದ ಮಂಚದಿಂದ ಕೈಸನ್ನೆ ಮಾಡಿ ಕರೆದ.

"ಎಳೆದಾಡಿದ್ದು ಸರಿ. ಆಮೇಲೆ ಯಾಕೋ ಹೊಡೆದೆ? ನಾನು ಎದ್ದು ಬಂದಿದ್ನಲ್ಲೋ."

"ಬಂದದ್ದು ನೋಡಿದೆ."

"ಮತ್ತೆ?"

"ನೋಡೇ ಹೊಡೆದೆ."

ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿದ.

ಈಗ ಕೆಪ್ಪ ಬೇರೆ ಕೋಣೆ ಹಿಡಿದಿದ್ದಾನೆ, ಬಾಗಿಲು ಕಿಟಕಿಗಳಿಗೆ ಬಣ್ಣ ಹೊಡೆಯುತ್ತಾನೆ. ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಳ್ಳುವ ಯಂತ್ರ ಸಿಕ್ಕಿದೆ, ಮಾತು ಕೇಳಿಸುತ್ತದೆ. ರೇಡಾರಿನ ಬಿಸಿ ತಗುಲಿ ಅಣ್ಣನ ಒಂದು ಕಣ್ಣಿಗೆ ಪೊರೆ ಬಂದಿದೆ. ಆಗಾಗ ಕೆಪ್ಪ ಆ ಮನೆಗೂ ಹೋಗುತ್ತಾನೆ. ಊಟಕ್ಕೆ ಕೂತಾಗ ಇಬ್ಬರ ನಡುವೆ ಅತ್ತಿಗೆ ಕೂರುತ್ತಾಳೆ.